ಕೇಸ್ ಆಗದ ಕಿರುಕುಳವನ್ನು ಬರೆದಿಟ್ಟವರು: 2001ರ ಬೆಂಗಳೂರು ವರದಿ ಮತ್ತು 377ರ ಹೋರಾಟ

2013ರ ಡಿಸೆಂಬರ್ 11ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಒಂದು ಲೆಕ್ಕ ಬರುತ್ತದೆ. ಒಪ್ಪಿಗೆಯ ಸಲಿಂಗ ಸಂಬಂಧವನ್ನೂ ಅಪರಾಧ ಅನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಅಡಿ 150ಕ್ಕೂ ಹೆಚ್ಚು ವರ್ಷಗಳಲ್ಲಿ 200ಕ್ಕಿಂತ ಕಡಿಮೆ ಜನರ ಮೇಲೆ ಮೊಕದ್ದಮೆ ನಡೆದಿದೆ, ಪ್ರಕಟವಾದ ತೀರ್ಪುಗಳಲ್ಲಿ ಕಾಣುವುದು ಇಷ್ಟೇ, ಆದ್ದರಿಂದ ಈ ಸೆಕ್ಷನ್ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಲು ಇದು ಸಾಲದು ಅನ್ನುವ ಲೆಕ್ಕ ಅದು. ಲೈಂಗಿಕ ಅಲ್ಪಸಂಖ್ಯಾತರು ದೇಶದ ಜನಸಂಖ್ಯೆಯಲ್ಲಿ ತೀರಾ ಚಿಕ್ಕ ಪಾಲು ಅಂತಲೂ ಅದೇ ತೀರ್ಪು ಹೇಳಿತು. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತ ನಾಲ್ಕು ವರ್ಷ ಹಿಂದೆ ದೆಹಲಿ ಹೈಕೋರ್ಟ್ ಕೊಟ್ಟಿದ್ದ ಬಿಡುಗಡೆ ಅಲ್ಲಿಗೆ ರದ್ದಾಯಿತು.

ಲೆಕ್ಕ ಸುಳ್ಳಲ್ಲ. ಆದರೆ ಎಣಿಸಿದ ಜಾಗ ತಪ್ಪು. 377 ಕೆಲಸ ಮಾಡುತ್ತಿದ್ದದ್ದು ಕೋರ್ಟಿನಲ್ಲಿ ಅಲ್ಲವೇ ಅಲ್ಲ. ಅದು ಕೆಲಸ ಮಾಡುತ್ತಿದ್ದದ್ದು ಕತ್ತಲಾದ ಮೇಲೆ ಪಾರ್ಕಿನ ಬೆಂಚಿನ ಪಕ್ಕದಲ್ಲಿ, ಬಸ್ ಸ್ಟ್ಯಾಂಡಿನ ಶೌಚಾಲಯದ ಬಾಗಿಲಲ್ಲಿ, ಎಫ್‌ಐಆರ್ ಬರೆಯದೆ ರಾತ್ರಿಯಿಡೀ ಕೂರಿಸಿಕೊಂಡ ಸ್ಟೇಷನ್ ಬೆಂಚಿನ ಮೇಲೆ. ಅಲ್ಲಿ ನಡೆದದ್ದು ಕೇಸ್ ಆಗುವುದಿಲ್ಲ, ಕೇಸ್ ಆಗದಿದ್ದದ್ದಕ್ಕೆ ಫೈಲ್ ಇರುವುದಿಲ್ಲ, ಫೈಲ್ ಇಲ್ಲದ್ದು ನ್ಯಾಯಾಧೀಶರ ಕಣ್ಣಿಗೆ ಬೀಳುವುದಿಲ್ಲ.

ಈ ಬರಹ ಅಂಥ ಫೈಲ್ ಇಲ್ಲದ ಸಂಗತಿಗಳನ್ನು ಕೂತು ಬರೆದಿಟ್ಟವರ ಬಗ್ಗೆ. ಸಲಿಂಗಿ ಹಕ್ಕುಗಳ ಚರಿತ್ರೆ ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನರಿಗೆ ನೆನಪಾಗುವುದು ಪೊಲೀಸ್ ದಾಳಿಯ ವಿರುದ್ಧ ಸಲಿಂಗಿಗಳು ತಿರುಗಿಬಿದ್ದ ನ್ಯೂಯಾರ್ಕಿನ ಸ್ಟೋನ್‌ವಾಲ್, ಇಲ್ಲವೇ 2018ರ ಸುಪ್ರೀಂ ಕೋರ್ಟ್ ಮೆಟ್ಟಿಲ ಮೇಲಿನ ಕಾಮನಬಿಲ್ಲಿನ ಬಾವುಟ. ಎರಡೂ ದೊಡ್ಡ ಘಟನೆಗಳೇ. ಆದರೆ ಇವತ್ತು ಕರ್ನಾಟಕದಲ್ಲಿ ಸಮಾನತೆಗಾಗಿ ಕೆಲಸ ಮಾಡುವವರು ದಿನನಿತ್ಯ ಬಳಸುವ ವಿಧಾನ ಇದೆಯಲ್ಲ, ಅದು ಬಂದದ್ದು ಬೆಂಗಳೂರಿನ ಒಂದು ತೆಳ್ಳನೆಯ ವರದಿಯಿಂದ ಅಂತ ನನ್ನ ನಂಬಿಕೆ.

ಅದಕ್ಕೂ ಹಿಂದೆ

ಬೆಂಗಳೂರಿನವರು ಶೂನ್ಯದಿಂದ ಶುರು ಮಾಡಲಿಲ್ಲ. ದೆಹಲಿಯಲ್ಲಿ ಏಡ್ಸ್ ಭೇದಭಾವ ವಿರೋಧಿ ಆಂದೋಲನ ಅನ್ನುವ ಗುಂಪು 1991ರಲ್ಲೇ ಭಾರತದ ಸಲಿಂಗಿಗಳ ಸ್ಥಿತಿಗತಿ ಬಗ್ಗೆ ಒಂದು ನಾಗರಿಕ ವರದಿ ಹೊರತಂದಿತ್ತು. 377 ತೆಗೆಯಿರಿ ಅನ್ನುವ ಬೇಡಿಕೆ ಅದರಲ್ಲೇ ಇತ್ತು. 1992ರ ಆಗಸ್ಟ್ 11ರಂದು, ಕನಾಟ್ ಪ್ಲೇಸಿನ ಪಾರ್ಕಿನಲ್ಲಿ ಪೊಲೀಸರು ಗಂಡಸರನ್ನು ಹಿಡಿದುಕೊಂಡು ಹೋದದ್ದನ್ನು ವಿರೋಧಿಸಿ ಇದೇ ಗುಂಪು ದೆಹಲಿ ಪೊಲೀಸ್ ಕೇಂದ್ರ ಕಚೇರಿ ಎದುರು ಪ್ರತಿಭಟನೆ ಮಾಡಿತು. 1994ರಲ್ಲಿ ತಿಹಾರ್ ಜೈಲಿನಲ್ಲಿ ಕೈದಿಗಳಿಗೆ ಕಾಂಡೋಮ್ ಕೊಡಲು ಅಧಿಕಾರಿಗಳು ಒಪ್ಪದಿದ್ದಾಗ 377ರ ವಿರುದ್ಧ ಮೊದಲ ಅರ್ಜಿ ದೆಹಲಿ ಹೈಕೋರ್ಟಿಗೆ ಹೋಯಿತು. ಆ ಅರ್ಜಿ ಗೆಲ್ಲಲಿಲ್ಲ, ವರ್ಷಗಟ್ಟಲೆ ಬಿದ್ದಿದ್ದು ಕೊನೆಗೆ ವಜಾ ಆಯಿತು. ಸೋತ ಅರ್ಜಿಯಾದರೂ ಮುಂದಿನವರಿಗೆ ದಾರಿ ತೋರಿಸಿತು.

ಬೆಂಗಳೂರಿನಲ್ಲಿ 1994ರಲ್ಲಿ 'ಗುಡ್ ಆ್ಯಸ್ ಯು' ಅನ್ನುವ ಬೆಂಬಲ ಗುಂಪು ಶುರುವಾಯಿತು. ವಾರಕ್ಕೊಮ್ಮೆ ಸೇರುವುದು, ಮಾತಾಡುವುದು, ತಾನೊಬ್ಬನೇ ಅಲ್ಲ ಅಂತ ಗೊತ್ತುಮಾಡಿಕೊಳ್ಳುವುದು. 1997ರಲ್ಲಿ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸಲಿಂಗಿ ಹಕ್ಕುಗಳ ಬಗ್ಗೆ ಒಂದು ವಿಚಾರ ಸಂಕಿರಣ ನಡೆಯಿತು. 1999ರಲ್ಲಿ ಸಂಗಮ, 2000ದಲ್ಲಿ ವಕೀಲರ ಗುಂಪು ಆಲ್ಟರ್ನೇಟಿವ್ ಲಾ ಫೋರಂ ಹುಟ್ಟಿದವು. ಸಂಗಮ ಶುರುವಾದದ್ದೇ ದಾಖಲೆಗಳನ್ನು ಕೂಡಿಡುವ ಕೇಂದ್ರವಾಗಿ. ಪತ್ರಿಕೆಯ ತುಣುಕು, ಲೇಖನ, ಕಾಗದಪತ್ರ ಇಂಥವನ್ನೆಲ್ಲ ಸಂಗ್ರಹಿಸುವ ಜಾಗ. ಅಲ್ಲಿಗೆ ಓದಲು ಬಂದವರಿಗಿಂತ ಪೊಲೀಸರ ಕೈಯಲ್ಲಿ ಒದೆ ತಿಂದು ಸಹಾಯ ಕೇಳಿಕೊಂಡು ಬಂದವರ ಅಗತ್ಯ ದೊಡ್ಡದಾಗಿತ್ತು. ಹಾಗಾಗಿ ಆ ಸಂಸ್ಥೆಯ ಕೆಲಸ ಬೇಗನೆ ಬೀದಿಗೆ ಬಂತು.

ವರದಿ ಬರೆದದ್ದು ಹೇಗೆ, ಬರೆದದ್ದು ಏನು

2001ರ ಫೆಬ್ರುವರಿಯಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಒಂದು ಸತ್ಯಶೋಧನಾ ವರದಿ ಪ್ರಕಟಿಸಿತು. ವಿಷಯ, ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ಮಾನವ ಹಕ್ಕು ಉಲ್ಲಂಘನೆ. ಇದನ್ನು ಪಿಯುಸಿಎಲ್ ಮಾಡಿತು ಅನ್ನುವುದರ ತೂಕ ಸ್ವಲ್ಪ ವಿವರಿಸಬೇಕು. ಜಯಪ್ರಕಾಶ ನಾರಾಯಣರು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಕಟ್ಟಿದ ಸಂಘಟನೆ ಅದು. ಲಾಕಪ್ ಸಾವು, ಎನ್‌ಕೌಂಟರ್, ಕೋಮುಗಲಭೆ ಆದಾಗ ಹೋಗಿ ಸತ್ಯ ಶೋಧಿಸಿ ವರದಿ ಕೊಡುವುದು ಅದರ ಕಸುಬು. ಆ ಕಾಲದ ಮಾನವ ಹಕ್ಕು ಸಂಘಟನೆಗಳ ಕಣ್ಣಿನಲ್ಲಿ ಯಾರು ಯಾರನ್ನು ಪ್ರೀತಿಸುತ್ತಾರೆ ಅನ್ನುವುದು ಅವರವರ ಖಾಸಗಿ ವಿಷಯವಾಗಿತ್ತು, ಹಕ್ಕಿನ ವಿಷಯ ಆಗಿರಲಿಲ್ಲ. ಲಾಕಪ್ಪಿನಲ್ಲಿ ಒದೆ ತಿಂದ ರೈತನ ಬಗ್ಗೆ ಬರೆಯುವ ಅದೇ ಗಾಂಭೀರ್ಯದಲ್ಲಿ, ಅದೇ ಕ್ರಮದಲ್ಲಿ, ಪಾರ್ಕಿನಲ್ಲಿ ಒದೆ ತಿಂದ ಸಲಿಂಗಿಯ ಬಗ್ಗೆಯೂ ಬರೆದದ್ದು ಅದಕ್ಕೇ ದೊಡ್ಡ ಹೆಜ್ಜೆ. ತಂಡದಲ್ಲಿ ಪಿಯುಸಿಎಲ್‌ನವರ ಜೊತೆ ನಗರದ ಬೇರೆ ಹಕ್ಕು ಸಂಘಟನೆಗಳ ಜನರೂ ಇದ್ದರು.

ವರದಿಯಲ್ಲಿ ಮತ್ತೆ ಮತ್ತೆ ಬರುವ ಚಿತ್ರ ಹೀಗಿದೆ. ಒಬ್ಬ ಗಂಡಸು ಸಂಜೆ ಪಾರ್ಕಿಗೆ ಬರುತ್ತಾನೆ. ಮನೆಯಲ್ಲಿ ಹೇಳಿಕೊಳ್ಳಲಾಗದ, ಆಫೀಸಿನಲ್ಲಿ ಉಸಿರೆತ್ತಲಾಗದ ವಿಷಯಕ್ಕೆ ತನ್ನಂಥ ಇನ್ನೊಬ್ಬ ಸಿಗುವ ಜಾಗ ನಗರದಲ್ಲಿ ಅದೊಂದೇ. ಪೊಲೀಸಿನವನು ಬಂದು ಹಿಡಿಯುತ್ತಾನೆ. ಅಲ್ಲಿ ಏನೂ ನಡೆದಿರಬೇಕಿಲ್ಲ, ಸುಮ್ನೆ ಕೂತಿದ್ದರೂ ಸಾಕು. ಸೆಕ್ಷನ್ ಹಾಕುತ್ತೇನೆ, ಮನೆಗೆ ತಿಳಿಸುತ್ತೇನೆ ಅನ್ನುವ ಬೆದರಿಕೆ ಬೀಳುತ್ತದೆ. ಜೇಬಿನಲ್ಲಿದ್ದ ಹಣ ಹೋಗುತ್ತದೆ, ಕೆಲವೊಮ್ಮೆ ಮೈಮೇಲೆ ಪೆಟ್ಟು ಬೀಳುತ್ತದೆ, ಲೈಂಗಿಕ ದೌರ್ಜನ್ಯವೂ ಆಗುತ್ತದೆ. ಎಫ್‌ಐಆರ್ ಆಗುವುದಿಲ್ಲ, ಯಾಕೆಂದರೆ ಎಫ್‌ಐಆರ್ ಆದರೆ ಹಣ ಬರುವುದಿಲ್ಲ. ದೂರು ಕೊಡೋಣ ಅಂದರೆ ಕೊಡುವುದು ಅದೇ ಸ್ಟೇಷನ್ನಿಗೆ, ಮತ್ತು ಮೊದಲ ಸಾಲಿನಲ್ಲೇ ನಾನು ಯಾಕೆ ಅಲ್ಲಿಗೆ ಹೋಗಿದ್ದೆ ಅಂತ ಹೇಳಬೇಕು. ಹೀಗೆ ಸೆಕ್ಷನ್ ಬಳಸದೆಯೇ ಸೆಕ್ಷನ್ ಬಳಸುವುದು ನಡೆಯುತ್ತಿತ್ತು. 200 ಕೇಸಿನ ಲೆಕ್ಕದಲ್ಲಿ ಇದು ಯಾವುದೂ ಬರುವುದಿಲ್ಲ.

ಪೊಲೀಸರಷ್ಟೇ ಅಲ್ಲ. ಮನೆಯವರ ಒತ್ತಾಯ, ಮದುವೆಯ ಒತ್ತಾಯ, ಕೆಲಸ ಕಳೆದುಕೊಳ್ಳುವ ಭಯ ಇವೂ ವರದಿಯಲ್ಲಿ ಇವೆ. ಸಲಿಂಗಿತನವನ್ನು ರೋಗ ಅಂತ ನೋಡಿ 'ಗುಣಪಡಿಸಲು' ಹೊರಡುವ ವೈದ್ಯರ ವಿಷಯವೂ ಇದೆ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗಿತನವನ್ನು ರೋಗಗಳ ಪಟ್ಟಿಯಿಂದ ತೆಗೆದಿದ್ದವು. ನಮ್ಮಲ್ಲಿ ಮಾತ್ರ ಚಿಕಿತ್ಸೆ ಮುಂದುವರಿದೇ ಇತ್ತು.

2003ರಲ್ಲಿ ಪಿಯುಸಿಎಲ್-ಕರ್ನಾಟಕ ಎರಡನೇ ವರದಿ ತಂತು. ಅದು ಲೈಂಗಿಕ ವೃತ್ತಿಯಲ್ಲಿದ್ದ ಕೋತಿ (ಹೆಣ್ಣಿನ ನಡೆನುಡಿಯ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು) ಮತ್ತು ಹಿಜ್ರಾ ಸಮುದಾಯದ ಬಗ್ಗೆ. ನನಗೆ ಕೇಳಿದರೆ ಮೊದಲನೆಯದಕ್ಕಿಂತ ಇದು ಇನ್ನೂ ಧೈರ್ಯದ ಕೆಲಸ. ಮೊದಲ ವರದಿ ಬಂದಾಗ, ಪಾಪ, ಓದಿದವರು, ಕೆಲಸದಲ್ಲಿರುವವರು, ಅವರಿಗೆ ತೊಂದರೆ ಆಗಬಾರದು ಅನ್ನುವವರು ಇದ್ದೇ ಇದ್ದರು. ಆದರೆ ಹಮ್ಮಾಮಿನಲ್ಲಿ, ಅಂದರೆ ಹಿಜ್ರಾಗಳು ನಡೆಸುವ ಸ್ನಾನದ ಮನೆಯಲ್ಲಿ ಬದುಕುವ, ಸಿಗ್ನಲ್ಲಿನಲ್ಲಿ ಕೈ ಚಾಚುವ, ರಾತ್ರಿ ಗಿರಾಕಿಗಾಗಿ ನಿಲ್ಲುವ ಬಡ ಹಿಜ್ರಾಗಳ ಹಕ್ಕಿನ ಮಾತು ಬಂದಾಗ ಅದೇ ಜನ ಹಿಂದೆ ಸರಿಯುತ್ತಾರೆ. ಇದು ನಮ್ಮ ಸಮಾಜದ ಹಳೆಯ ಚಾಳಿ, ಸಲಿಂಗಿ ಚಳವಳಿಯ ಒಳಗೂ ಇತ್ತು, ಈಗಲೂ ಇದೆ. ಆ ವರದಿ ಲೈಂಗಿಕತೆಯ ಜೊತೆ ಬಡತನವನ್ನೂ, ವೃತ್ತಿಯನ್ನೂ ಒಟ್ಟಿಗೆ ಇಟ್ಟು ನೋಡಿತು. ಮುಂದೆ ಬೆಂಗಳೂರಿನ ಪ್ರೈಡ್ ಮೆರವಣಿಗೆಯನ್ನು ಸಂಘಟಿಸಿದ ಒಕ್ಕೂಟದ ಹೆಸರಿನಲ್ಲೇ ಲೈಂಗಿಕ ವೃತ್ತಿಯವರೂ ಲೈಂಗಿಕ ಅಲ್ಪಸಂಖ್ಯಾತರೂ ಜೊತೆಗಿರುವುದು ಕಾಕತಾಳೀಯ ಅಲ್ಲ.

ಬೆಂಗಳೂರಿನ ಘಟನೆ ದೆಹಲಿಯ ತೀರ್ಪಿಗೆ

2001ರ ಜುಲೈನಲ್ಲಿ ಲಖನೌದಲ್ಲಿ ಎಚ್‌ಐವಿ ತಡೆ ಕೆಲಸ ಮಾಡುತ್ತಿದ್ದ ಕಾರ್ಯಕರ್ತರನ್ನು ಪೊಲೀಸರು 377ರಡಿ ಬಂಧಿಸಿದರು. ಕಾಂಡೋಮ್ ಹಂಚುವುದು, ತಿಳಿವಳಿಕೆ ಕೊಡುವುದು ಅವರ ಕೆಲಸ. ಒಂದೂವರೆ ತಿಂಗಳು ಜೈಲಿನಲ್ಲಿ ಇಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಚ್‌ಐವಿ ಬಗ್ಗೆ ಕೆಲಸ ಮಾಡುವ ದೆಹಲಿಯ ನಾಝ್ ಫೌಂಡೇಶನ್ 377ರ ವಿರುದ್ಧ ಹೈಕೋರ್ಟಿಗೆ ಅರ್ಜಿ ಹಾಕಿತು. 2004ರಲ್ಲಿ ಹೈಕೋರ್ಟ್ ಅದನ್ನು ವಿಚಾರಣೆಯೇ ಇಲ್ಲದೆ ತಳ್ಳಿಹಾಕಿತು. ನಾಝ್ ಮೇಲೆ ಯಾರೂ ಕೇಸ್ ಹಾಕಿಲ್ಲವಲ್ಲ, ಅವರಿಗೇನು ತೊಂದರೆ ಅನ್ನುವ ರೀತಿಯ ಕಾರಣಕ್ಕೆ. 2006ರಲ್ಲಿ ಸುಪ್ರೀಂ ಕೋರ್ಟ್, ಇಲ್ಲ, ಇದನ್ನು ಕೇಳಲೇಬೇಕು ಅಂತ ವಾಪಸ್ ಕಳಿಸಿತು.

ಆಗ ನಡೆದದ್ದು ಮುಖ್ಯ. 'ವಾಯ್ಸಸ್ ಅಗೇನ್ಸ್ಟ್ 377' ಅನ್ನುವ ಒಕ್ಕೂಟ ಪ್ರಕರಣದಲ್ಲಿ ಸೇರಿಕೊಂಡಿತು. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂನ ವಕೀಲರು ಅವರ ಪರವಾಗಿ ಕೆಲಸ ಮಾಡಿದರು. ನಾಝ್ ಅರ್ಜಿ ಹೆಚ್ಚಾಗಿ ಆರೋಗ್ಯದ, ಎಚ್‌ಐವಿಯ ದಾರಿಯಲ್ಲಿತ್ತು. ವಾಯ್ಸಸ್ ತಂದದ್ದು ಬದುಕಿನ ದಾಖಲೆ: ಪ್ರಮಾಣಪತ್ರಗಳು, ವರದಿಗಳು, ಹೆಸರಿಟ್ಟು ಊರಿಟ್ಟು ಹೇಳಿದ ಘಟನೆಗಳು. ಕೇಂದ್ರ ಗೃಹ ಸಚಿವಾಲಯ ಈ ಸೆಕ್ಷನ್ ವಯಸ್ಕರ ಮೇಲೆ ಬಳಕೆಯಾಗುವುದೇ ಅಪರೂಪ ಅನ್ನುತ್ತಿತ್ತು. ಅತ್ತ ಅದೇ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ, 377ರ ಭಯದಿಂದ ಜನ ಅಡಗಿಕೊಳ್ಳುತ್ತಾರೆ, ನಮ್ಮ ಕೆಲಸಕ್ಕೆ ಅಡ್ಡಿ ಆಗುತ್ತಿದೆ ಅಂತ ಅದೇ ಕೋರ್ಟಿಗೆ ಹೇಳಿತ್ತು.

ನ್ಯಾಯಮೂರ್ತಿ ಎ.ಪಿ. ಶಾ ಮತ್ತು ನ್ಯಾಯಮೂರ್ತಿ ಎಸ್. ಮುರಳೀಧರ್ 2009ರ ಜುಲೈ 2ರಂದು ಕೊಟ್ಟ ತೀರ್ಪಿನಲ್ಲಿ ಬೆಂಗಳೂರು ಇದೆ. 2004ರಲ್ಲಿ ನಗರದ ಒಬ್ಬ ಹಿಜ್ರಾ ಮೇಲೆ ಗೂಂಡಾಗಳು ಸಾಮೂಹಿಕ ಅತ್ಯಾಚಾರ ಮಾಡಿದರು. ಆಮೇಲೆ ಸ್ಟೇಷನ್ನಿಗೆ ಕರೆದುಕೊಂಡು ಹೋದ ಪೊಲೀಸರು ಆಕೆಗೆ ರಕ್ಷಣೆ ಕೊಡುವ ಬದಲು ಬೆತ್ತಲೆ ಮಾಡಿ, ಕಿಟಕಿಗೆ ಬೇಡಿ ಹಾಕಿ ಕಟ್ಟಿ ಹಿಂಸಿಸಿದರು. ತೀರ್ಪು ಇದನ್ನು ನೇರವಾಗಿ ಬರೆಯುತ್ತದೆ. ಅದರ ಜೊತೆಯಲ್ಲೇ ಲಖನೌ ಬಂಧನವನ್ನೂ ಬರೆಯುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ಅತ್ಯಾಚಾರಕ್ಕೆ ಒಳಗಾದವಳು ಸ್ಟೇಷನ್ನಿನಲ್ಲಿ ಅಪರಾಧಿಯಂತೆ ಕಟ್ಟಿಸಿಕೊಂಡಳು. ಆ ರಾತ್ರಿ ಆಕೆಯ ಮಾತು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಐದು ವರ್ಷದ ನಂತರ ದೇಶದ ರಾಜಧಾನಿಯ ಹೈಕೋರ್ಟ್ ಆಕೆಗೆ ಆದದ್ದನ್ನು ತನ್ನ ತೀರ್ಪಿನಲ್ಲಿ ಬರೆದು, ಕಾನೂನು ಬದಲಾಗಬೇಕಾದ ಕಾರಣಗಳಲ್ಲಿ ಇದೂ ಒಂದು ಅಂತ ಹೇಳಿತು. ನಡುವೆ ಆದದ್ದು ಇಷ್ಟೇ: ಆಕೆ ಬಾಯಿಬಿಟ್ಟು ಹೇಳಿದಳು, ಯಾರೋ ಕೂತು ಕೇಳಿಸಿಕೊಂಡು ಬರೆದರು, ಆ ಕಾಗದವನ್ನು ಜೋಪಾನವಾಗಿ ಇಟ್ಟರು, ಸರಿಯಾದ ಹೊತ್ತಿಗೆ ಸರಿಯಾದ ಕೈಗೆ ಕೊಟ್ಟರು. ಹೇಳುವುದಕ್ಕೆ ಬೇಕಾದ ಧೈರ್ಯ ಬೇರೆಯವರು ಅಂದಾಜು ಮಾಡುವಂಥದ್ದಲ್ಲ. ಚಳವಳಿಯ ಚರಿತ್ರೆ ಬರೆಯುವಾಗ ವಕೀಲರ ಹೆಸರು ಬರುತ್ತದೆ, ನ್ಯಾಯಾಧೀಶರ ಹೆಸರು ಬರುತ್ತದೆ. ಹೇಳಿದವರ ಹೆಸರು ಅವರ ಸುರಕ್ಷತೆಗಾಗಿ ಬಹಳ ಸಲ ಬರುವುದೇ ಇಲ್ಲ. ಆದರೆ ಕಟ್ಟಡದ ಅಡಿಪಾಯ ಅವರೇ.

ದೆಹಲಿಯಲ್ಲಿ ವಾದ ನಡೆಯುತ್ತಿದ್ದಾಗ ಬೆಂಗಳೂರಿನ ಬೀದಿಯೇನೂ ಬದಲಾಗಿರಲಿಲ್ಲ. 2008ರ ಜೂನ್‌ನಲ್ಲಿ ನಗರದ ಮೊದಲ ಪ್ರೈಡ್ ಮೆರವಣಿಗೆ ಆಯಿತು, ಅಕ್ಟೋಬರ್‌ನಲ್ಲಿ ಪೊಲೀಸರು ಹಿಜ್ರಾಗಳನ್ನು ಹಿಡಿದುಕೊಂಡು ಹೋದರು, ಸಹಾಯಕ್ಕೆ ಹೋದ ಸಂಗಮದ ಕಾರ್ಯಕರ್ತರ ಮೇಲೂ ಕೈ ಮಾಡಿದರು, ಪ್ರತಿಭಟಿಸಿದವರನ್ನೂ ಬಂಧಿಸಿದರು. ಅದನ್ನೂ ಬರೆದಿಟ್ಟರು.

ಸೋಲು, ಆಮೇಲೆ

ಹೀಗಿರುವಾಗ 2013ರ ತೀರ್ಪು ಬಂತು. ಪೊಲೀಸರು ದುರುಪಯೋಗ ಮಾಡಿದರೆ ಅದು ಕಾನೂನಿನ ತಪ್ಪಲ್ಲ ಅಂತಲೂ ಅದು ಹೇಳಿತು. ಹನ್ನೆರಡು ವರ್ಷದ ದಾಖಲಾತಿಯನ್ನು ಒಂದು ವಾಕ್ಯದಲ್ಲಿ ಪಕ್ಕಕ್ಕೆ ಇಟ್ಟಂತೆ ಆಯಿತು. 2012ರಲ್ಲಿ ಕೇಂದ್ರ ಸರ್ಕಾರವೇ ಇದೇ ಕೋರ್ಟಿಗೆ ದೇಶದಲ್ಲಿ ಸುಮಾರು 25 ಲಕ್ಷ ಸಲಿಂಗಿ ಪುರುಷರಿದ್ದಾರೆ ಅನ್ನುವ ಅಂದಾಜು ಕೊಟ್ಟಿತ್ತು. ಅದು ತೀರಾ ಚಿಕ್ಕ ಪಾಲು ಆಗುವುದು ಹೇಗೆ? ಒಬ್ಬನೇ ಇದ್ದರೂ ಅವನಿಗೆ ಹಕ್ಕು ಇರುವುದಿಲ್ಲವಾ?

ಆ ವಾರ ಬೀದಿಗಿಳಿದವರ ಘೋಷಣೆ, ಮತ್ತೆ ಹಿಂದಕ್ಕೆ ಹೋಗುವುದಿಲ್ಲ. ಡಿಸೆಂಬರ್ 15ರಂದು ಭಾರತದ ನಗರಗಳಲ್ಲಿ, ಹೊರದೇಶಗಳಲ್ಲಿ ಒಂದೇ ದಿನ ಪ್ರತಿಭಟನೆ ನಡೆಯಿತು. 2009ರ ನಂತರದ ನಾಲ್ಕು ವರ್ಷಗಳಲ್ಲಿ ಎಷ್ಟೋ ಜನ ಮನೆಯಲ್ಲಿ ಹೇಳಿಕೊಂಡಿದ್ದರು, ಆಫೀಸಿನಲ್ಲಿ ಹೇಳಿಕೊಂಡಿದ್ದರು. ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ ಅಲ್ವಾ?

ಮುಂದಿನ ದಾರಿ ಬೇರೆ ಬೇರೆ ಕಡೆಯಿಂದ ಬಂತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳನ್ನು ಒಪ್ಪಿತು, ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕೂ ಅದರಲ್ಲಿ ಸೇರಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಕೋರ್ಟಿಗೆ ಹೋದದ್ದು ಆಧಾರ್ ವಿರುದ್ಧ. ಆದರೆ 'ಚಿಕ್ಕ ಪಾಲು' ಅನ್ನುವ ವಾದ ಹಕ್ಕು ನಿರಾಕರಿಸಲು ಕಾರಣವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ತಾನೇ ಬರೆದದ್ದು ಅವರ ಪ್ರಕರಣದಲ್ಲಿ.

2018ರ ಜುಲೈನಲ್ಲಿ ಐವರು ನ್ಯಾಯಮೂರ್ತಿಗಳ ಮುಂದೆ 377 ಮತ್ತೆ ಬಂದಾಗ ಅರ್ಜಿದಾರರು ಯಾರು ಅಂತ ನೋಡಿ. ನೃತ್ಯಗಾರ ನವತೇಜ್ ಸಿಂಗ್ ಜೋಹರ್ ಮತ್ತು ಜೊತೆಗಾರರು. ಬೆಂಗಳೂರಿನ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ, 2015ರ ರಾಜ್ಯೋತ್ಸವ ಪ್ರಶಸ್ತಿ ಪುರಸ್ಕೃತೆ ಅಕ್ಕಯ್ ಪದ್ಮಶಾಲಿ. ಐಐಟಿಯಲ್ಲಿ ಓದಿದ ಹುಡುಗ ಹುಡುಗಿಯರು. ಮತ್ತು ಆರಿಫ್ ಜಾಫರ್, 2001ರಲ್ಲಿ ಲಖನೌದಲ್ಲಿ ಬಂಧನವಾಗಿದ್ದವರಲ್ಲಿ ಒಬ್ಬರು. ಹದಿನೇಳು ವರ್ಷ ಹಿಂದೆ ಯಾವ ಸೆಕ್ಷನ್ ಅವರನ್ನು ಜೈಲಿಗೆ ಹಾಕಿತ್ತೋ ಅದೇ ಸೆಕ್ಷನ್ ವಿರುದ್ಧ ಅರ್ಜಿದಾರರಾಗಿ ಬಂದರು. ನನಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಕಾಣುವುದಿಲ್ಲ.

ಸೆಪ್ಟೆಂಬರ್ 6ರ ತೀರ್ಪು ವಯಸ್ಕರ ಒಪ್ಪಿಗೆಯ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಈ ಸಮುದಾಯದ ಜನರಿಗೂ ಅವರ ಕುಟುಂಬಗಳಿಗೂ ಚರಿತ್ರೆ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಆ ಮಾತು ಎಲ್ಲ ಪತ್ರಿಕೆಗಳಲ್ಲಿ ಬಂತು. ನ್ಯಾಯಮೂರ್ತಿ ರೋಹಿಂಟನ್ ನರಿಮನ್ ಬರೆದದ್ದು ಅಷ್ಟು ಬರಲಿಲ್ಲ. ಈ ತೀರ್ಪನ್ನು ವ್ಯಾಪಕವಾಗಿ ಪ್ರಚಾರ ಮಾಡಿ, ಸರ್ಕಾರಿ ಅಧಿಕಾರಿಗಳಿಗೆ, ಮುಖ್ಯವಾಗಿ ಪೊಲೀಸರಿಗೆ ತಿಳಿವಳಿಕೆ ತರಬೇತಿ ಕೊಡಿ ಅಂತ ಅವರು ಹೇಳಿದ್ದರು. ಪಾರ್ಕಿನಲ್ಲಿ ನಡೆಯುತ್ತಿದ್ದದ್ದು ಏನು ಅಂತ ಗೊತ್ತಿದ್ದವರಿಗೆ ಆ ನಿರ್ದೇಶನದ ಬೆಲೆ ಗೊತ್ತು.

ಪೊಲೀಸರ ಪಟ್ಟಿ, ಸಮುದಾಯದ ಪಟ್ಟಿ

ಬರೆದಿಡುವ ಕೆಲಸ ಸರ್ಕಾರವೂ ಮಾಡುತ್ತದೆ, ಇನ್ನೊಂದು ಉದ್ದೇಶಕ್ಕೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗ ಹಿಜ್ರಾಗಳ ಬಗ್ಗೆ ಇತ್ತು. ಹೆಸರು, ವಿಳಾಸ ರಿಜಿಸ್ಟರಿನಲ್ಲಿ ಬರೆದಿಡುವುದು. ಹಾಗೆ ಹೆಸರು ಬಿದ್ದವರು ಸೀರೆ ಉಟ್ಟು ಬೀದಿಗೆ ಬಂದರೆ ವಾರಂಟ್ ಇಲ್ಲದೆ ಹಿಡಿಯುವುದು. ಬ್ರಿಟಿಷರು ಹೋದರು, ಆ ಕಾಯ್ದೆಯೂ ಹೋಯಿತು. ಆದರೆ 2011ರಲ್ಲಿ, ಅಂದರೆ ದೆಹಲಿ ಹೈಕೋರ್ಟಿನ ತೀರ್ಪು ಬಂದ ಎರಡು ವರ್ಷಕ್ಕೆ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನುವ ಸೆಕ್ಷನ್ ಸೇರಿಕೊಂಡಿತು. ಹುಡುಗರನ್ನು ಅಪಹರಿಸುವ ಅಥವಾ 'ಅಸ್ವಾಭಾವಿಕ ಅಪರಾಧ' ಮಾಡುವ ಅನುಮಾನ ಇರುವ ಹಿಜ್ರಾಗಳ ರಿಜಿಸ್ಟರ್ ಇಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿತು. 140 ವರ್ಷದ ಹಿಂದಿನ ಭಾಷೆ ಹೆಚ್ಚುಕಡಿಮೆ ಹಾಗೇ ವಾಪಸ್ ಬಂತು.

ಅದನ್ನು ಗುರುತಿಸಿದವರು ಹಳೆಯ ಕಾನೂನು ಓದಿಕೊಂಡಿದ್ದವರು. ಕರ್ನಾಟಕ ಸೆಕ್ಷುಯಲ್ ಮೈನಾರಿಟೀಸ್ ಫೋರಂ ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಇದು 1871ರದ್ದೇ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದಾಗಿತ್ತು. ಕೊನೆಗೆ ಸರ್ಕಾರ ಒಂದು ಸಮುದಾಯವನ್ನು ಹೆಸರಿಸುತ್ತಿದ್ದ ಪದವನ್ನು ಆ ಸೆಕ್ಷನ್ನಿನಿಂದ ತಿದ್ದುಪಡಿ ಮಾಡಿ ತೆಗೆಯಿತು. ಸಂಪೂರ್ಣ ಗೆಲುವು ಅಂತ ನಾನು ಹೇಳುವುದಿಲ್ಲ, ಇಡೀ ಸೆಕ್ಷನ್ನೇ ಹೋಗಬೇಕಿತ್ತು. ಆದರೂ ಚರಿತ್ರೆ ಓದಿದ್ದರಿಂದ ಸಿಕ್ಕ ಫಲ ಇದು, ಕಣ್ಣೆದುರಿಗೇ ಇದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಸಂತೋಷದ್ದು. ಪೊಲೀಸ್ ಇಲಾಖೆ ಕಾನ್‌ಸ್ಟೆಬಲ್ ನೇಮಕಾತಿಗೆ ಅರ್ಜಿ ಕರೆದಾಗ ಫಾರಂನಲ್ಲಿ ಗಂಡು, ಹೆಣ್ಣು ಅಷ್ಟೇ ಇತ್ತು. ಸಂಗಮ 2020ರಲ್ಲಿ ಹೈಕೋರ್ಟಿಗೆ ಹೋಯಿತು, ಜೀವ ಅನ್ನುವ ಸಂಸ್ಥೆಯೂ ಮೀಸಲಾತಿ ಕೇಳಿ ಸೇರಿಕೊಂಡಿತು. 2021ರ ಜುಲೈನಲ್ಲಿ ಸರ್ಕಾರ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಎಲ್ಲ ವರ್ಗಗಳ ಒಳಗೂ ಶೇ 1ರಷ್ಟು ಹುದ್ದೆಗಳನ್ನು ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಮೀಸಲಿಟ್ಟಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಕರ್ನಾಟಕ. ಪರಿಶಿಷ್ಟ ಜಾತಿಯ ಟ್ರಾನ್ಸ್ ಅಭ್ಯರ್ಥಿಗೆ ಪರಿಶಿಷ್ಟ ಜಾತಿಯ ಒಳಗೇ ಜಾಗ ಸಿಗುತ್ತದೆ, ಜಾತಿ ಬೇಕೋ ಲಿಂಗತ್ವ ಬೇಕೋ ಅಂತ ಆರಿಸಿಕೊಳ್ಳಬೇಕಾಗಿಲ್ಲ. ಒಬ್ಬ ಮನುಷ್ಯನ ಮೇಲೆ ಒಂದಕ್ಕಿಂತ ಹೆಚ್ಚು ಭಾರ ಇರುತ್ತದೆ ಅನ್ನುವ 2003ರ ವರದಿಯ ತಿಳಿವಳಿಕೆ ಇಲ್ಲಿ ಸರ್ಕಾರಿ ನಿಯಮದ ರೂಪ ಪಡೆಯಿತು. ಒಂದು ಕಾಲದಲ್ಲಿ ಲಾಠಿ ಹಿಡಿದು ಅಟ್ಟಿಸಿಕೊಂಡು ಬಂದ ಅದೇ ಇಲಾಖೆಯ ನೇಮಕಾತಿಯಿಂದ ಈ ಪ್ರಕರಣ ಶುರುವಾಯಿತು ಅನ್ನುವುದನ್ನೂ ಮರೆಯಬಾರದು.

ಮನೆಯೊಳಗಿನದು

ಪಾರ್ಕು, ಬಸ್ ಸ್ಟ್ಯಾಂಡು, ಸ್ಟೇಷನ್ನಿನಲ್ಲಿ ಆದದ್ದನ್ನು ಬರೆದಿಡುವುದು ಕಷ್ಟ, ಆದರೆ ಸಾಧ್ಯ. ಮನೆಯೊಳಗೆ ಆದದ್ದು ಇನ್ನೂ ಕಷ್ಟ. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಗಳು ಸಂಜೆ ಪಾರ್ಕಿಗೆ ಹೋಗುವುದೇ ಇಲ್ಲ, ಮನೆಯವರು ಬಿಡುವುದಿಲ್ಲ. ಅವಳನ್ನು ಹಿಡಿಯುವುದು ಪೊಲೀಸಿನವನಲ್ಲ, ಅಣ್ಣ. ಫೋನ್ ಕಿತ್ತುಕೊಳ್ಳುವುದು, ಓದು ಬಿಡಿಸುವುದು, ರೂಮಿನಲ್ಲಿ ಕೂಡಿಹಾಕುವುದು, ಅವಸರದಲ್ಲಿ ಮದುವೆ ಮಾಡುವುದು. ಇದಕ್ಕೆ 377 ಬೇಕಾಗಿಯೂ ಇಲ್ಲ, 377 ಹೋದರೆ ಇದು ಹೋಗುವುದೂ ಇಲ್ಲ.

2023ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಮದುವೆ ಸಮಾನತೆಯ ವಿಚಾರಣೆ ಶುರುವಾಗುವ ಹೊತ್ತಿಗೆ, ಪಿಯುಸಿಎಲ್ ಮತ್ತು ಮಹಿಳಾ ಸಲಿಂಗಿಗಳ, ಟ್ರಾನ್ಸ್ ಜನರ ರಾಷ್ಟ್ರೀಯ ಜಾಲವೊಂದು ಸೇರಿ ಒಂದು ಅಹವಾಲು ಸಭೆ ನಡೆಸಿದವು. ಬಾಗಿಲು ಮುಚ್ಚಿ, ಹೊರಗಿನವರಿಲ್ಲದೆ. ಹುಟ್ಟಿದ ಮನೆಯಲ್ಲೇ ತಾವು ಅನುಭವಿಸಿದ ಹಿಂಸೆಯನ್ನು 31 ಜನ ಹೇಳಿಕೊಂಡರು, ನಿವೃತ್ತ ನ್ಯಾಯಮೂರ್ತಿ, ವಕೀಲರು, ಕಾರ್ಯಕರ್ತರ ತಂಡ ಕೂತು ಕೇಳಿಸಿಕೊಂಡಿತು, ವರದಿ ಬಂತು. 2001ರ ಅದೇ ಸಂಘಟನೆ, ಅದೇ ವಿಧಾನ. ಆಗ ಬೀದಿ, ಈಗ ಮನೆ.

ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಗಲಿಲ್ಲ. ಬಹಳ ಜನಕ್ಕೆ ಆ ದಿನ 2013ರ ನೆನಪಾಯಿತು, ನನಗೂ ಆಯಿತು. ಆದರೆ ಮನೆಯೊಳಗಿನ ಹಿಂಸೆಯ ಮಾತು ಒಂದು ಸಲ ಕೋರ್ಟಿಗೆ ಬಂದ ಮೇಲೆ ಹೊರಗೆ ಹೋಗಲಿಲ್ಲ. 2024ರ ಮಾರ್ಚ್‌ನಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಹೈಕೋರ್ಟುಗಳಿಗೂ ಮಾರ್ಗಸೂಚಿ ಕೊಟ್ಟಿತು. ಜೊತೆಗಾರ್ತಿಯನ್ನು ಮನೆಯವರು ಕೂಡಿಹಾಕಿದ್ದಾರೆ ಅಂತ ಅರ್ಜಿ ಬಂದರೆ ಬೇಗ ಕೇಳಬೇಕು. ಆಕೆಯ ಜೊತೆ ನ್ಯಾಯಾಧೀಶರು ಮನೆಯವರಿಲ್ಲದ ಜಾಗದಲ್ಲಿ ಮಾತಾಡಬೇಕು. ಕೌನ್ಸೆಲಿಂಗ್ ಹೆಸರಿನಲ್ಲಿ ಆಕೆಯ ಒಲವನ್ನು ಬದಲಾಯಿಸಲು ಹೋಗಬಾರದು. ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ, ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ, ಸಲಿಂಗಿತನ 'ಬಿಡಿಸುವ' ಚಿಕಿತ್ಸೆ ವೃತ್ತಿ ದುರ್ನಡತೆ ಅಂತ ಹೇಳಿತ್ತು. ಬೆಂಗಳೂರಿನ ವರದಿ ವೈದ್ಯರ ಬಗ್ಗೆ ಬರೆದು ಇಪ್ಪತ್ತೊಂದು ವರ್ಷ ಆಗಿತ್ತು.

ಇವತ್ತು ಕೆಲಸ ಮಾಡುತ್ತಿರುವವರ ಮುಂದೆ ಒಂದು ಹೊಸ ತೊಡಕು ಇದೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಇಲ್ಲವೇ ಇಲ್ಲ. 2018ರ ತೀರ್ಪು ಒಪ್ಪಿಗೆಯ ಸಂಬಂಧವನ್ನು ಮಾತ್ರ ಹೊರಗಿಟ್ಟಿತ್ತು, ಒಪ್ಪಿಗೆ ಇಲ್ಲದ ಕೃತ್ಯಕ್ಕೆ ಆ ಸೆಕ್ಷನ್ ಉಳಿದಿತ್ತು. ಗಂಡಸಿನ ಮೇಲೆ ಅಥವಾ ಟ್ರಾನ್ಸ್ ವ್ಯಕ್ತಿಯ ಮೇಲೆ ಅತ್ಯಾಚಾರ ಆದರೆ ದೂರು ಕೊಡಲು ಇದ್ದ ಮುಖ್ಯ ದಾರಿ ಅದು, ಯಾಕೆಂದರೆ ಹೊಸ ಸಂಹಿತೆಯಲ್ಲೂ ಅತ್ಯಾಚಾರದ ವ್ಯಾಖ್ಯೆ ಹೆಂಗಸರಿಗೆ ಮಾತ್ರ. ಟ್ರಾನ್ಸ್‌ಜೆಂಡರ್ ಜನರಿಗಾಗಿ ಇರುವ 2019ರ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ ಶಿಕ್ಷೆ ಎರಡು ವರ್ಷ. 2024ರ ಆಗಸ್ಟ್‌ನಲ್ಲಿ ಈ ಬಗ್ಗೆ ಅರ್ಜಿ ಬಂದಾಗ ದೆಹಲಿ ಹೈಕೋರ್ಟ್ ಬೇಗ ನಿರ್ಧಾರ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. 2004ರಲ್ಲಿ ಬೆಂಗಳೂರಿನ ಆ ಹಿಜ್ರಾಗೆ ಆದಂಥದ್ದು ಈಗ ಇನ್ನೊಬ್ಬರಿಗೆ ಆದರೆ ಪೊಲೀಸರು ಯಾವ ಸೆಕ್ಷನ್ ಹಾಕುತ್ತಾರೆ, ಎಲ್ಲಿ ತಿರಸ್ಕರಿಸುತ್ತಾರೆ, ಏನು ಕಾರಣ ಹೇಳುತ್ತಾರೆ ಅನ್ನುವುದನ್ನು ಊರೂರಿನಿಂದ, ಹೇಳುವವರ ಹೆಸರು ಹೊರಬೀಳದಂತೆ, ತಾರೀಖು ಸಮೇತ ಈಗಿನಿಂದಲೇ ಬರೆದಿಡಬೇಕಾಗಿದೆ.